‘ಎಷ್ಟು ವಾರ?’ ಎಂದಾಗ ಎರಡು ಉತ್ತರ ಇದ್ದವು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾಲ್ಕು ವರ್ಷದ ಹಿಂದೆ, ಒಂದು ರಾತ್ರಿ, ಸೊಂಟ ಹಿಡಿದುಕೊಂಡು ಹೆರಿಗೆ ಆಸ್ಪತ್ರೆಗೆ ಹೋದೆ. ಬೆಳಗಿನಿಂದಲೇ ಸೊಂಟ ನೋಯುತ್ತಿತ್ತು. ಹೊಟ್ಟೆ ಆಗಾಗ ಕಲ್ಲಿನ ಹಾಗೆ ಬಿಗಿಯುತ್ತಿತ್ತು. ಬಸುರಿಗೆ ಇದೆಲ್ಲ ಇದ್ದದ್ದೇ ಅಂದುಕೊಂಡು ಸುಮ್ನೆ ಇದ್ದೆ. ಅದು ಹೆರಿಗೆ ನೋವಿನ ಶುರು ಇರಬಹುದು ಎಂದು ಯಾರೂ ನನಗೆ ಹೇಳಿರಲಿಲ್ಲ.

ವೈದ್ಯರು ಮೊದಲು ಕೇಳಿದ್ದು ‘ಎಷ್ಟು ವಾರ?’ ಎಂದು. ಮುಟ್ಟಿನ ಲೆಕ್ಕದಲ್ಲಿ 34. ಏಳನೇ ತಿಂಗಳ ಸ್ಕ್ಯಾನಿನ ಲೆಕ್ಕದಲ್ಲಿ 31. ನನ್ನ ಮುಟ್ಟು ಯಾವತ್ತೂ ಸರಿಯಾಗಿ ಬಂದದ್ದಲ್ಲ. ಇನ್ನು ತಡವಾಗಿ ಮಾಡಿದ ಸ್ಕ್ಯಾನ್ ಎರಡು ಮೂರು ವಾರ ಆಚೀಚೆ ಆಗಬಹುದಂತೆ. ಮಗುವಿಗೆ ನಿಜಕ್ಕೂ ದಿನ ತುಂಬಿಲ್ಲವೋ, ಬೆಳವಣಿಗೆ ಕಡಿಮೆಯೋ? ಅಲ್ಲಿದ್ದ ಯಾರಿಗೂ ಖಚಿತವಾಗಿ ಗೊತ್ತಾಗಲಿಲ್ಲ.

ಈ ಮೂರು ವಾರದ ವ್ಯತ್ಯಾಸ ಸಣ್ಣದಲ್ಲ ಸಚಿವರೇ. ದಿನ ತುಂಬದ ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಇದೆ. ಅದು ಕೆಲಸ ಮಾಡುತ್ತದೆ ಎಂದು ನ್ಯೂಜಿಲೆಂಡಿನ ವೈದ್ಯರಾದ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ತೋರಿಸಿದರು. ಅದನ್ನು ಮುಖ್ಯವಾಗಿ 24ರಿಂದ 34ನೇ ವಾರದ ನಡುವೆ ಕೊಡುತ್ತಾರೆ. ವಾರದ ಲೆಕ್ಕ ನಿಖರವಾಗಿ ಗೊತ್ತಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನನ್ನ ವಿಷಯದಲ್ಲಿ ಆ ಚರ್ಚೆಯಲ್ಲೇ ಹೊತ್ತು ಹೋಯಿತು. ಕೊನೆಗೆ ಕೊಟ್ಟರು. ಆದರೆ ಇಂಜೆಕ್ಷನ್ನಿನ ಪೂರ್ತಿ ಗುಣ ಸಿಗಲು ಸುಮಾರು ಒಂದು ದಿನ ಬೇಕು. ಮಗಳು ಬೆಳಗಾಗುವಷ್ಟರಲ್ಲಿ ಹುಟ್ಟಿದಳು.

ಒಂದೂವರೆ ಕಿಲೋ. ಮೂಗಿನಲ್ಲಿ ನಳಿಕೆ. ಎಷ್ಟೋ ದಿನ ನಾನು ಅವಳನ್ನು ಗಾಜಿನ ಆಚೆಯಿಂದ ನೋಡಿದೆ. ಆಮೇಲೆ ಒಬ್ಬ ನರ್ಸ್ ಅವಳನ್ನು ನನ್ನ ಬರಿ ಎದೆಯ ಮೇಲೆ ಮಲಗಿಸಿದರು. ಅವತ್ತು ಅವಳ ಉಸಿರು ನಿಧಾನವಾದದ್ದು ನನಗೆ ಇನ್ನೂ ನೆನಪಿದೆ. ಈಗ ಅವಳು ಓಡಾಡಿಕೊಂಡು ಚೆನ್ನಾಗಿದ್ದಾಳೆ. ಎಲ್ಲರಿಗೂ ಈ ಅದೃಷ್ಟ ಇರುವುದಿಲ್ಲ. ಜಗತ್ತಿನಲ್ಲಿ ಸುಮಾರು ಹತ್ತರಲ್ಲಿ ಒಂದು ಮಗು 37 ವಾರ ತುಂಬುವ ಮೊದಲೇ ಹುಟ್ಟುತ್ತದೆ. ಐದು ವರ್ಷದೊಳಗಿನ ಮಕ್ಕಳ ಸಾವಿಗೆ ಇದರ ತೊಂದರೆಗಳೇ ಎಲ್ಲಕ್ಕಿಂತ ದೊಡ್ಡ ಕಾರಣ.

ನಾನು ಎರಡನೇ ತಿಂಗಳಲ್ಲೇ ತಪಾಸಣೆಗೆ ಹೋಗಿದ್ದೆ. ‘ಇನ್ನೂ ಬೇಗ ಆಯ್ತು, ಆಮೇಲೆ ಬನ್ನಿ’ ಎಂದು ಕಳಿಸಿದರು. ವಾರದ ಲೆಕ್ಕ ಸಿಗುವುದೇ ಆಗ, ಅಲ್ವಾ? ಮೊದಲ ಮೂರು ತಿಂಗಳಲ್ಲಿ ಸ್ಕ್ಯಾನ್ ಮಾಡಿದರೆ ಒಂದು ವಾರದ ಒಳಗಿನ ನಿಖರತೆ ಬರುತ್ತದೆ. ಮೊದಲ ಭೇಟಿ 12 ವಾರದೊಳಗೆ, ಒಟ್ಟು ಎಂಟು ಭೇಟಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ.

ಇದೊಂದೇ ದಿನ ತುಂಬದೆ ಆಗುವ ಎಲ್ಲ ಹೆರಿಗೆಯನ್ನೂ ತಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಹಾಗಾಗಿ ತಾಯಿಯನ್ನು ದೂರುವುದು ತಪ್ಪು. ಆದರೆ ಆ ಮೊದಲ ಭೇಟಿಯಲ್ಲೇ ಬಿ.ಪಿ. ನೋಡಬಹುದು, ಹಿಂದಿನ ಹೆರಿಗೆ ಬೇಗ ಆಗಿತ್ತಾ ಎಂದು ಕೇಳಬಹುದು. ಮೂತ್ರದ ಸೋಂಕು ಎಷ್ಟೋ ಸಲ ಉರಿ ನೋವು ಏನೂ ಇಲ್ಲದೆ ಒಳಗೇ ಇರುತ್ತದೆ. ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ.

ನಿಮ್ಮಲ್ಲಿ ಕೇಳುವುದು ಇಷ್ಟು. ಬೇಗ ಬಂದ ಬಸುರಿಯನ್ನು ಯಾವ ಆಸ್ಪತ್ರೆಯೂ ವಾಪಸ್ ಕಳಿಸಬಾರದು ಎಂದು ಆದೇಶ ಮಾಡಿ. ಆ ಮೊದಲ ಭೇಟಿಯಲ್ಲಿ ಅಪಾಯದ ಲಕ್ಷಣಗಳನ್ನು ಬಾಯಿಬಿಟ್ಟು ಹೇಳಲಿ: ಬಿಗಿಯುವ ಹೊಟ್ಟೆ, ಬಿಡದ ಸೊಂಟನೋವು, ನೀರು ಸೋರುವುದು, ರಕ್ತ. ರಾತ್ರಿ ಕರೆ ಮಾಡಲು ಒಂದು ಫೋನ್ ನಂಬರ್ ಕೊಡಲಿ. ಮತ್ತೆ ಪ್ರತಿ ಆಸ್ಪತ್ರೆಯಲ್ಲಿ ಎಷ್ಟು ಬಸುರಿಯರ ಮೊದಲ ತಪಾಸಣೆ 12 ವಾರದೊಳಗೆ ಆಯಿತು ಎಂಬ ಅಂಕಿಯನ್ನು ತಿಂಗಳು ತಿಂಗಳು ಪ್ರಕಟಿಸಿ. ಮೊದಲ ತಿಂಗಳ ಅಂಕಿಗಾಗಿ ಕಾಯುತ್ತಿರುತ್ತೇನೆ.

ಇಂತಿ,
31 ವಾರಕ್ಕೋ 34ಕ್ಕೋ ಹುಟ್ಟಿದ ಮಗಳ ತಾಯಿ