ಜಡೆಯ ವಿಷಯ ಓದಿದ ಮೇಲೆ

ಪುಟ್ಟಿ,

ನಿನ್ನ ಪತ್ರ ಮೂರು ಸಲ ಓದಿದೆ. ಸ್ಕೋರು, ಹೊಸ ಬಾಣ, ಮೆಸ್ಸಿನ ಸಾರು ಎಲ್ಲ ಓದಿ ಖುಷಿಯಾಯಿತು. ಆದರೆ ಮೂರು ಸಲವೂ ಒಂದೇ ಸಾಲಿಗೆ ಬಂದು ನಿಂತುಬಿಟ್ಟೆ. "ಬಲಗೈ ಮೇಲೆತ್ತೋಕೆ ಆಗ್ತಿಲ್ಲ ಮಾವ, ಎರಡು ವಾರದಿಂದ ರೂಮ್‌ಮೇಟೇ ಜಡೆ ಹಾಕಿಕೊಡ್ತಾಳೆ" ಅಂತ ಬರೆದಿದ್ದೀಯ. ಅದರ ಬೆನ್ನಿಗೇ, ಮುಂದಿನ ತಿಂಗಳೊಳಗೆ ಬಿಲ್ಲು ಎಳೆಯುವ ಭಾರ 45ರಿಂದ 50 ಪೌಂಡಿಗೆ ಹೋಗಬೇಕು, ಬಿಲ್ಲಿನ ಬೋಲ್ಟಿಗೆ ಅಲೆನ್ ಕೀ ಹಾಕಿ ಎಷ್ಟು ಸುತ್ತು ತಿರುಗಿಸಲಿ ಅಂತ ಕೇಳಿದ್ದೀಯ. ಎರಡಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ.

ಸುತ್ತಿನ ಲೆಕ್ಕ ಆಮೇಲೆ ಹೇಳುತ್ತೇನೆ. ಮೊದಲು ಜಡೆ.

ಆ ನೋವು ನನಗೆ ಗೊತ್ತು. ಕೈ ಭುಜದ ಮಟ್ಟದವರೆಗೆ ಸುಮ್ನೆ ಬರುತ್ತದೆ, ಅಲ್ಲಿಂದ ಮೇಲೆ ಒಳಗೇನೋ ಸಿಕ್ಕಿಕೊಂಡ ಹಾಗೆ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ. ಬೆಳಿಗ್ಗೆ ಗ್ರೌಂಡಿಗೆ ಹೋಗಿ ಹತ್ತಿಪ್ಪತ್ತು ಬಾಣ ಬಿಟ್ಟು ಮೈ ಬಿಸಿಯಾದರೆ ನೋವೇ ಇಲ್ಲ, ಆಗ ಸರಿಹೋಯ್ತು ಅನಿಸುತ್ತದೆ. ಹೌದಲ್ವಾ? ಇದನ್ನೆಲ್ಲ ನೀನು ಬರೆದಿಲ್ಲ. ನೀನು ಬರೆಯದಿದ್ದರೂ ನನಗೆ ಗೊತ್ತಾಗುತ್ತಿದೆ, ಅದಕ್ಕೇ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ.

ನಾನು ಆರ್ಚರಿ ಬಿಟ್ಟಿದ್ದು ಟ್ರಾನ್ಸ್‌ಫರ್ ಆಗಿದ್ದಕ್ಕೆ ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ನಿಮ್ಮಮ್ಮನೂ ನಂಬಿದ್ದಾಳೆ. ಅದು ಸುಳ್ಳು ಪುಟ್ಟಿ. ಟ್ರಾನ್ಸ್‌ಫರ್ ಬಂದಾಗ ನಾನು ಬಿಲ್ಲು ಮುಟ್ಟಿ ಐದು ತಿಂಗಳಾಗಿತ್ತು.

2009ರಲ್ಲಿ ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಕಾಂಪೌಂಡ್, ಅಂದರೆ ತುದಿಗಳಲ್ಲಿ ಚಕ್ರ ಇರುವ ಬಿಲ್ಲು ತಗೊಂಡೆ. 50ರಿಂದ 60 ಪೌಂಡಿನ ಲಿಂಬ್ (ಬಿಲ್ಲಿನ ಬಾಗುವ ತೋಳು). ಅಂದರೆ ಎಷ್ಟು ಇಳಿಸಿದರೂ 50ಕ್ಕಿಂತ ಕೆಳಗೆ ಬರುವುದಿಲ್ಲ. ನನಗೆ ಆಗ ಬೇಕಿದ್ದದ್ದು 42, ಹೆಚ್ಚೆಂದರೆ 45. ಸಿಕ್ಕಿದ್ದೇ ಪುಣ್ಯ ಅಂತ ತಂದೆ. ತಂದವನು 50ರಲ್ಲೂ ನಿಲ್ಲಲಿಲ್ಲ. ಪಕ್ಕದ ಲೇನಿನವನು 58 ಎಳೆಯುತ್ತಾನೆ ಅಂತ ಗೊತ್ತಾದ ದಿನವೇ ಎರಡೂ ಬೋಲ್ಟ್ ಬಿಗಿ ಮಾಡಿದೆ. ಎಳೆಯಲು ಆಗದೆ ಬಿಲ್ಲನ್ನು ಆಕಾಶಕ್ಕೆ ಎತ್ತಿ, ಸೊಂಟ ಹಿಂದಕ್ಕೆ ಬಗ್ಗಿಸಿ, ಮೈಯೆಲ್ಲ ಸೇರಿಸಿ ಎಳೆಯುತ್ತಿದ್ದೆ. ಅದನ್ನೇ ಶಕ್ತಿ ಅಂದುಕೊಂಡಿದ್ದೆ.

2010ರ ಯುಗಾದಿ ದಿನ ಮಾವಿನ ತೋರಣ ಕಟ್ಟಲು ಸ್ಟೂಲ್ ಹತ್ತಿದೆ. ಬಲಗೈ ಬಾಗಿಲ ಚೌಕಟ್ಟಿನವರೆಗೆ ಹೋಗಲಿಲ್ಲ. ಎಲೆ ಪೋಣಿಸಿದ ದಾರ ಎಡಗೈಯಲ್ಲಿ ನೇತಾಡುತ್ತಿತ್ತು. ಕೆಳಗಿಳಿದು, "ನೀನೇ ಕಟ್ಟು, ನನಗೆ ಫೋನ್ ಬಂತು" ಅಂತ ನಿಮ್ಮತ್ತೆಗೆ ಹೇಳಿ ಹಿತ್ತಲಿಗೆ ಹೋದೆ. ಫೋನ್ ಬಂದಿರಲಿಲ್ಲ. ನೀನು ಜಡೆ ಅಂದಾಗ ನನ್ನ ಕಣ್ಣಮುಂದೆ ಬಂದದ್ದು ಆ ಸ್ಟೂಲು.

ಆ ದಿನ ಯಾರಿಗಾದರೂ ಹೇಳಿದ್ದರೆ ಅಂತ ಈಗಲೂ ಅನಿಸುತ್ತದೆ. ಹೇಳಲಿಲ್ಲ. ಮಾತ್ರೆ ನುಂಗಿ ಇನ್ನೂ ಒಂದು ವರ್ಷ ಎಳೆದೆ. 2011ರ ಸೆಲೆಕ್ಷನ್ನಿನಲ್ಲಿ, ಆಗ ಆರು ಬಾಣಕ್ಕೆ ನಾಲ್ಕು ನಿಮಿಷ ಕೊಡುತ್ತಿದ್ದರಲ್ಲ, ಅದರಲ್ಲಿ ನಾಲ್ಕು ಬಾಣ ಬಿಟ್ಟೆ. ಐದನೆಯದಕ್ಕೆ ಹೆದೆ ಅರ್ಧ ಬರುವಷ್ಟರಲ್ಲಿ ಭುಜದಲ್ಲಿ ಬಟ್ಟೆ ಹರಿದ ಹಾಗಾಯಿತು. ಹೇಗೋ ಸಾವರಿಸಿ ಬಿಲ್ಲು ಇಳಿಸಿದೆ. ಬತ್ತಳಿಕೆಯಲ್ಲಿ ಎರಡು ಬಾಣ ಇಟ್ಟುಕೊಂಡೇ ಟಾರ್ಗೆಟ್‌ವರೆಗೆ ಐವತ್ತು ಮೀಟರ್ ನಡೆದೆ. ಅಷ್ಟು ಉದ್ದದ ದಾರಿ ನಾನು ಮತ್ತೆ ನಡೆದಿಲ್ಲ. ಭುಜದೊಳಗಿನ ಸ್ನಾಯು ಹಗ್ಗ ಸವೆದ ಹಾಗೆ ಸವೆದಿದೆ, ಇದು ಒಂದು ದಿನದ ಕೆಲಸವಲ್ಲ ಅಂದರು ಡಾಕ್ಟರು.

ನಿನಗೆ ಈಗ 17. ಕಾಂಪೌಂಡ್‌ನಲ್ಲಿ ಒಂದು ಮೋಸ ಇದೆ, ಅದು ನಿನಗೂ ಗೊತ್ತು, ಆದರೂ ಹೇಳುತ್ತೇನೆ. 75 ಪರ್ಸೆಂಟ್ ಲೆಟ್‌ಆಫ್ ಇದ್ದರೆ, ಅಂದರೆ ಪೂರ್ತಿ ಎಳೆದಾಗ ಚಕ್ರಗಳು ಭಾರದ ಮುಕ್ಕಾಲು ಪಾಲು ಇಳಿಸಿದರೆ, 45 ಪೌಂಡಿನ ಬಿಲ್ಲು ಪೂರ್ತಿ ಎಳೆದ ಮೇಲೆ ಬೆರಳಿಗೆ ಉಳಿಯುವುದು 11 ಚಿಲ್ಲರೆ ಪೌಂಡ್ ಮಾತ್ರ. ಗುರಿ ಇಡುವಾಗ ಅಷ್ಟು ಹಗುರ ಇರುತ್ತದಲ್ಲ, ಇನ್ನೂ ಐದು ಪೌಂಡ್ ಏನು ಮಹಾ ಅನಿಸುತ್ತದೆ. ಆದರೆ ಅಲ್ಲಿಗೆ ತಲುಪಲು ಪ್ರತಿ ಸಲವೂ ಪೂರ್ತಿ 45 ಎಳೆದೇ ದಾಟಬೇಕು. 45 ಪೌಂಡ್ ಅಂದರೆ 20 ಕಿಲೋ ಮೇಲೆ. ಒಂದು ರೌಂಡಿನ 72 ಬಾಣಕ್ಕೆ ಲೆಕ್ಕ ಹಾಕಿದೆ, ಸುಮಾರು 1,470 ಕಿಲೋ ಬಂತು. 50 ಕಿಲೋ ಅಕ್ಕಿ ಮೂಟೆ ಇಪ್ಪತ್ತೊಂಬತ್ತು. ಅದೆಲ್ಲ ಜಡೆ ಹಾಕಲು ಏಳದ ಆ ಒಂದು ಭುಜದ ಮೇಲೆ.

ಅವಸರ ಯಾಕೆ ಅಂತಲೂ ಗೊತ್ತು. 2023ರಲ್ಲಿ ಬರ್ಲಿನ್‌ನಲ್ಲಿ ಅದಿತಿ ಸ್ವಾಮಿ 17ಕ್ಕೇ ವಿಶ್ವ ಚಾಂಪಿಯನ್ ಆದಾಗ ನೀನು ಸೋಫಾ ಮೇಲೆ ಹತ್ತಿ ಕುಣಿದಿದ್ದು ನನಗೆ ನೆನಪಿದೆ. ಈಗ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಕ್ಸೆಡ್ ಟೀಮ್ ಮೊದಲ ಸಲ ಸೇರಿದೆ, ಅದರ ಆಸೆಯೂ ಇದೆ. ಇರಲಿ, ಆಸೆ ಇರಬೇಕು. ಆದರೆ ನೀನು ಬರೆದಿರುವ "ಕಡಿಮೆ ಪೌಂಡ್ ಅಂದ್ರೆ ಟೀಮಲ್ಲಿ ಲೆಕ್ಕಕ್ಕೇ ಇಡಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿಯಮದಲ್ಲಿ 60 ಪೌಂಡ್ ಮೀರಬಾರದು ಅಂತಿದೆ, ಅಷ್ಟೇ. ಇಷ್ಟಿರಲೇಬೇಕು ಅಂತ ಎಲ್ಲೂ ಇಲ್ಲ. ಪೌಂಡ್ ಜಾಸ್ತಿ ಇದ್ದರೆ ಬಾಣ ಬೇಗ ಹೋಗುತ್ತದೆ, ಗಾಳಿಗೆ ಸ್ವಲ್ಪ ಕಡಿಮೆ ಸರಿಯುತ್ತದೆ, ನಿಜ. ಆದರೆ ಅರವತ್ತನೇ ಬಾಣಕ್ಕೆ ಕೈ ನಡುಗಿದರೆ ಆ ಲಾಭವೆಲ್ಲ ಎಲ್ಲಿ ಉಳಿಯಿತು?

ನಿನ್ನ ಕೋಚ್ ಅಲ್ಲೇ ಇರುವಾಗ ನಾನು ಇಲ್ಲಿ ಕೂತು ಹೇಳುವುದು ಸರಿಯಲ್ಲ. ಅವರಿಗೆ ನನಗಿಂತ ಹೆಚ್ಚು ಗೊತ್ತಿರುತ್ತದೆ. ಆದರೆ ಜಡೆಯ ವಿಷಯ ಅವರಿಗೆ ಗೊತ್ತಿಲ್ಲ ಅಂತ ನನ್ನ ಅನುಮಾನ. ಅದನ್ನು ನೀನೇ ಹೇಳಬೇಕು. ಭುಜವನ್ನು ಡಾಕ್ಟರಿಗೆ ತೋರಿಸುವವರೆಗೆ ಬಿಲ್ಲು ಎಳೆಯಬೇಡ, ಇದೊಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಬೈದುಕೊಂಡರೂ ಪರವಾಗಿಲ್ಲ.

ಡಾಕ್ಟರು ಸರಿ ಅಂದ ಮೇಲೆ, ಪೌಂಡ್ ಇಳಿಸಿ ಶುರು ಮಾಡು. ನಿನ್ನದು 40–50ರ ಲಿಂಬ್. ಸಾಮಾನ್ಯವಾಗಿ ಬೋಲ್ಟಿನ ಒಂದು ಪೂರ್ತಿ ಸುತ್ತಿಗೆ 2ರಿಂದ 3 ಪೌಂಡ್ ಬದಲಾಗುತ್ತದೆ. ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ಮೇಲಿನದು ಅರ್ಧ ಸುತ್ತು, ಕೆಳಗಿನದು ಅರ್ಧ ಸುತ್ತು, ಎರಡೂ ಸಮ. ಲಾಕ್ ಸ್ಕ್ರೂ ಇದ್ದರೆ ಅದನ್ನು ಮೊದಲು ಸಡಿಲ ಮಾಡು. ಬಿಲ್ಲಿನ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ಸುತ್ತಿನವರೆಗೆ ಬಿಚ್ಚಬಹುದು ಅಂತ ಇರುತ್ತದೆ, ಅದನ್ನು ದಾಟಬೇಡ, ಲಿಂಬ್ ಕಿತ್ತು ಬಂದರೆ ಮುಖಕ್ಕೇ ಬಡಿಯುತ್ತದೆ. 40ಕ್ಕಿಂತ ಕೆಳಗೆ ಬೇಕು ಅಂದರೆ ಲಿಂಬ್ ಬದಲಾಯಿಸೋಣ, ದುಡ್ಡಿನ ಯೋಚನೆ ನಿನಗೆ ಬೇಡ.

ಇಳಿಸಿದ ಮೇಲೆ ಸೈಟ್ ಮಾರ್ಕ್ (ಯಾವ ದೂರಕ್ಕೆ ಸೈಟ್ ಎಲ್ಲಿರಬೇಕು ಅನ್ನುವ ಗುರುತು) ಎಲ್ಲ ಹೊಸದಾಗಿ ಹಾಕಬೇಕು. ಇಳಿಸಿದ ಬಿಲ್ಲಿಗೆ ಈಗಿರುವ ಬಾಣ ಸ್ವಲ್ಪ ಗಡುಸಾಗಬಹುದು, ಟಾರ್ಗೆಟ್ಟಿನಲ್ಲಿ ಬಾಣಗಳ ಗುಂಪು ಚದುರಿದರೆ ಹೆದರಿಕೊಂಡು ಮತ್ತೆ ಬೋಲ್ಟ್ ಬಿಗಿ ಮಾಡಬೇಡ, ಕೋಚ್‌ಗೆ ತೋರಿಸು. ಡ್ರಾ ಲೆಂತ್, ಅಂದರೆ ಹೆದೆ ಎಷ್ಟು ಉದ್ದ ಎಳೆಯಬೇಕು ಅನ್ನುವ ಅಳತೆ, ಅದನ್ನೂ ಅಳೆಸು. ಅರ್ಧ ಇಂಚು ಉದ್ದವಾದರೂ ಭುಜ ಹಿಂದಕ್ಕೆ ಜಗ್ಗುತ್ತದೆ, ನೋವಿಗೆ ಅದೂ ಕಾರಣ ಇರಬಹುದು.

ಎಷ್ಟು ಪೌಂಡ್ ನಿನ್ನದು ಅಂತ ತಿಳಿಯಲು ನನಗೆ ತಡವಾಗಿ ಒಬ್ಬರು ಹೇಳಿಕೊಟ್ಟ ಉಪಾಯ ಒಂದಿದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಎರಡೂ ಕಾಲು ನೆಲ ಬಿಟ್ಟು ಎತ್ತಿ, ಬಿಲ್ಲನ್ನು ಗುರಿಯ ಮಟ್ಟದಲ್ಲೇ ಇಟ್ಟು ನಿಧಾನಕ್ಕೆ ಎಳೆ. ಟಾರ್ಗೆಟ್ ಕಡೆ ತಿರುಗಿಯೇ, ಬಾಣ ಇಟ್ಟೇ ಎಳೆ, ಬರಿ ಹೆದೆ ಕೈ ತಪ್ಪಿದರೆ ಬಿಲ್ಲೂ ಹೋಗುತ್ತದೆ, ನಿನಗೂ ಪೆಟ್ಟಾಗುತ್ತದೆ. ಹಾಗೆ ಕೂತು ಬಿಲ್ಲು ಮೇಲೆ ಎತ್ತದೆ, ಬೆನ್ನು ಬಾಗಿಸದೆ ಎಳೆಯಲು ಬಂದರೆ ಆ ಪೌಂಡ್ ನಿನ್ನದು. ನಾನು ಹಾಗೆ ಕೂತು ನೋಡಿದ್ದರೆ 45 ಕೂಡ ದಾಟುತ್ತಿರಲಿಲ್ಲ.

ನಿಮ್ಮಪ್ಪನಿಗೆ ಹೇಳಬೇಡಿ ಅಂತ ಬರೆದಿದ್ದೀಯ. ಹೇಳಿಲ್ಲ. ಭಾನುವಾರದವರೆಗೆ ಹೇಳುವುದಿಲ್ಲ, ಅಷ್ಟರಲ್ಲಿ ನೀನೇ ಫೋನ್ ಮಾಡು. ನಾನೂ ಈ ಭಾನುವಾರ ನಿಮ್ಮಮ್ಮನಿಗೆ ಆ ಟ್ರಾನ್ಸ್‌ಫರ್ ವಿಷಯ ಹೇಳಬೇಕು ಅಂದುಕೊಂಡಿದ್ದೇನೆ.

ನನ್ನ ಹತ್ತಿರ ಬಿಲ್ಲಿನ ಪೌಂಡ್ ಅಳೆಯುವ ಹಳೇ ಬೋ ಸ್ಕೇಲ್ ಒಂದಿದೆ, ಇನ್ನೂ ಸರಿ ತೋರಿಸುತ್ತದೆ. ನಾಳೆ ಪಾರ್ಸೆಲ್ ಮಾಡುತ್ತೇನೆ. ಬೋಲ್ಟ್ ತಿರುಗಿಸಿದಾಗಲೆಲ್ಲ ಅದರಲ್ಲಿ ಅಳೆದು ಬರೆದಿಡು. ಅದರ ಪಕ್ಕದಲ್ಲೇ, ಆ ದಿನ ಜಡೆ ಯಾರು ಹಾಕಿದರು ಅಂತಲೂ ಬರೆ.

ನಿನ್ನ ಮಾವ