ಮುಲಾಮು ಹಚ್ಚಿ ಸುಮ್ಮನಿರಬೇಡ

ಚಿ. ಸುಧೀರನಿಗೆ ಅತ್ತೆಯ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ಮಾತಿನ ನಡುವೆ, ಮಲದಲ್ಲಿ ರಕ್ತ ಕಂಡಿತು, ಮೂಲವ್ಯಾಧಿ ಇರಬೇಕು, ಮುಲಾಮು ಹಚ್ಚುತ್ತಿದ್ದೇನೆ ಎಂದೆಯಲ್ಲ, ಅಂದಿನಿಂದ ನನಗೆ ನಿದ್ದೆ ಹತ್ತಿಲ್ಲ. ನಿನ್ನ ಅಪ್ಪನೂ ಇದೇ ಮಾತು ಹೇಳಿ ಎಂಟು ತಿಂಗಳು ಕಳೆದ. ಸುಸ್ತಾದಾಗ ರಕ್ತಹೀನತೆ ಎಂದು ಕಬ್ಬಿಣದ ಮಾತ್ರೆ ನುಂಗಿದ. ರಕ್ತ ಎಲ್ಲಿ ಸೋರಿಹೋಗುತ್ತಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಪತ್ತೆಯಾದಾಗ ಅವನಿಗೆ 48. ಕ್ಯಾನ್ಸರ್ ಅಷ್ಟರಲ್ಲೇ ದೊಡ್ಡ ಕರುಳಿನ ಪಕ್ಕದ ದುಗ್ಧಗ್ರಂಥಿಗಳಿಗೆ ಹಬ್ಬಿತ್ತು. ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳು ಕಿಮೊಥೆರಪಿ ನಡೆಯಿತು. ಆ ಔಷಧಿಯಿಂದಾಗಿ ತಣ್ಣೀರಿನ ಲೋಟ ಮುಟ್ಟಿದರೆ ಬೆರಳಿಗೆ ಕರೆಂಟು ಹೊಡೆದಂತಾಗುತ್ತದೆ ಎಂದು ಬಟ್ಟೆ ಸುತ್ತಿ ಹಿಡಿಯುತ್ತಿದ್ದುದನ್ನು ನೀನೂ ನೋಡಿದ್ದೀಯ.

ಇದು ರಾತ್ರೋರಾತ್ರಿ ಬರುವ ಕಾಯಿಲೆಯಲ್ಲ, ಮಗು. ಹೆಚ್ಚಿನವು ಕರುಳಿನ ಒಳಪದರದಲ್ಲಿ ಪಾಲಿಪ್ ಎಂಬ ಸಣ್ಣ ಗಂಟಾಗಿ ಹುಟ್ಟುತ್ತವೆ. ಅದು ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ. ಅಣ್ಣನಿಗೆ ಹೀಗಾದ ಮೇಲೆ ನಾನೂ ಕೊಲೊನೊಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ತೂರಿಸಿ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ, ಮಾಡಿಸಿಕೊಂಡೆ. ಮಂಪರಿನಲ್ಲೇ ಪರದೆಯತ್ತ ನೋಡಿದೆ: ನಸುಗೆಂಪು ಗೋಡೆಯ ಮೇಲೆ ತೊಟ್ಟು ಇರುವ ಪುಟ್ಟ ಅಣಬೆಯಂಥ ಪಾಲಿಪ್. ಬುಡಕ್ಕೆ ತಂತಿಯ ಕುಣಿಕೆ ಹಾಕಿ ಬಿಗಿದು ಕತ್ತರಿಸಿದರು. ನೋವೇ ತಿಳಿಯಲಿಲ್ಲ. ಬಿಟ್ಟಿದ್ದರೆ ಮುಂದೆ ಕ್ಯಾನ್ಸರಾಗಬಹುದಾಗಿತ್ತು ಎಂದು ಬಯಾಪ್ಸಿ, ಅಂದರೆ ಕತ್ತರಿಸಿದ ತುಣುಕಿನ ಪರೀಕ್ಷೆ, ನೋಡಿ ಹೇಳಿದರು. ಕಷ್ಟವೆಂದರೆ ಹಿಂದಿನ ರಾತ್ರಿ ಹೊಟ್ಟೆ ಖಾಲಿ ಮಾಡಲು ಕುಡಿಯುವ ದ್ರಾವಣ, ಅಷ್ಟೇ. ಈಗ ಐದು ವರ್ಷಕ್ಕೊಮ್ಮೆ ಹೋಗುತ್ತೇನೆ.

ಉಳಿದವರಿಗೆ 45 ಅಥವಾ 50ಕ್ಕೆ ತಪಾಸಣೆ ಶುರುವಾದರೆ ಸಾಕು. ಹೆತ್ತವರಿಗೋ ಒಡಹುಟ್ಟಿದವರಿಗೋ ಬಂದಿದ್ದರೆ 40ಕ್ಕೆ, ಇಲ್ಲವೇ ಅವರಿಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ. 48ರಲ್ಲಿ 10 ಕಳೆದು ನೋಡು. ಬರುವ ತಿಂಗಳು ನಿನಗೆ 38 ತುಂಬುತ್ತದೆ. ರಕ್ತ ಕಂಡ ಮೇಲಂತೂ ವಯಸ್ಸಿನ ಲೆಕ್ಕವೇ ಬೇಡ. ಮಲಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದರೂ ಸಮಾಧಾನಪಟ್ಟುಕೊಳ್ಳಬೇಡ. ಆ ತಪಾಸಣೆ ಲಕ್ಷಣಗಳಿಲ್ಲದವರಿಗೆ. ಮೂಲವ್ಯಾಧಿಯೇ ಇದ್ದರೂ ಇರಬಹುದು, ಅದನ್ನು ಒಳಗೆ ನೋಡಿದ ವೈದ್ಯರು ಹೇಳಲಿ. ನಾಚಿಕೆಪಡಬೇಡ. ಅವರಿಗೆ ಇದು ದಿನನಿತ್ಯದ ಕೆಲಸ.

ಅಪ್ಪನ ಬಯಾಪ್ಸಿ ವರದಿ ನನ್ನ ಬೀರುವಿನಲ್ಲಿದೆ, ಕಳುಹಿಸುತ್ತೇನೆ. ಲಿಂಚ್ ಸಿಂಡ್ರೋಮ್‌ನಂಥ ವಂಶವಾಹಿ ದೋಷ ಇದೆಯೇ ಎಂದು ವೈದ್ಯರನ್ನು ಕೇಳು. ಇದ್ದರೆ ನಿನ್ನ ತಂಗಿಯನ್ನೂ ಪರೀಕ್ಷಿಸಬೇಕಾಗುತ್ತದೆ. ಕೊಲೊನೊಸ್ಕೋಪಿಯ ದಿನ ಮಂಪರು ಇಳಿಯುವವರೆಗೆ ಗಾಡಿ ಓಡಿಸುವಂತಿಲ್ಲ, ಜೊತೆಗೆ ಒಬ್ಬರು ಬೇಕು. ದಿನ ಗೊತ್ತುಮಾಡಿ ತಿಳಿಸು, ನಾನೇ ಬರುತ್ತೇನೆ.

ನಿನ್ನ ಅತ್ತೆ