ರೆಪ್ಪೆ ಮಿಟುಕಿಸದ ಒಂದು ವಾರ

ಪ್ರೀತಿಯ ಗೆಳೆಯಾ,

ಬೋಧಗಯೆಗೆ ಹೋಗಿ ಬಂದೆ. ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಕಂಬಳಿ ಸಿಕ್ಕಿತು, ಕಿಟಕಿ ಸಿಗಲಿಲ್ಲ. ಉಳಿದವರಿಗೆ ಇದು ಅರ್ಥವಾಗದಿದ್ದರೂ ಪರವಾಗಿಲ್ಲ, ನೀನು ನಕ್ಕರೆ ಸಾಕು.

ಬೌದ್ಧ ದೇವಾಲಯವೊಂದರ ಒಳಗೆ ನಾನು ಕಾಲಿಟ್ಟಿದ್ದು ಇದೇ ಮೊದಲು. ಬಾಗಿಲಲ್ಲಿ ಚಪ್ಪಲಿ ಬಿಡುವುದು ಗೊತ್ತಿದ್ದದ್ದೇ. ಆದರೆ ಅಲ್ಲಿ ಮೊಬೈಲನ್ನೂ ಒಳಗೆ ಬಿಡುವುದಿಲ್ಲ. ಕೌಂಟರಿನಲ್ಲಿ ಕೊಟ್ಟು, ಟೋಕನ್ ಜೇಬಿಗೆ ಹಾಕಿಕೊಂಡು, ತಪಾಸಣೆ ಮುಗಿಸಿ ಹೊರಟೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಎರಡು ಸಲ ಜೇಬು ಮುಟ್ಟಿ ನೋಡಿಕೊಂಡೆ ಕಣೋ. ಈ ಪತ್ರದಲ್ಲಿ ಮುಂದೆ ಬರುವುದೆಲ್ಲ ಶುರುವಾದದ್ದು ಆ ಖಾಲಿ ಜೇಬಿನಿಂದ.

ನಾವು ಇಷ್ಟು ವರ್ಷ ದೇವರನ್ನು ನೋಡಲು ಮೆಟ್ಟಿಲು ಹತ್ತಿಕೊಂಡೇ ಹೋದವರು. ಇಲ್ಲಿಯ ಮಹಾಬೋಧಿ ದೇವಾಲಯಕ್ಕೆ ಮೆಟ್ಟಿಲು ಇಳಿದು ಹೋಗಬೇಕು. ಸುತ್ತಲಿನ ನೆಲ ಎತ್ತರದಲ್ಲಿದೆ, ದೇವಾಲಯ ತಗ್ಗಿನಲ್ಲಿದೆ. ಸುಮಾರು 55 ಮೀಟರ್ ಎತ್ತರದ ಶಿಖರ ಎದುರಿಗೇ ನಿಂತಿದ್ದರೂ ನಾನು ಕಾಲಬುಡ ನೋಡಿಕೊಂಡೇ ಇಳಿದೆ. ಗರ್ಭಗುಡಿಯಲ್ಲಿ ಚಿನ್ನದ ಲೇಪದ ಬುದ್ಧ, ಬಲಗೈ ಬೆರಳು ನೆಲ ಮುಟ್ಟುತ್ತಿದೆ. ಕೈಮುಗಿದೆ. ಮುಗಿದ ಮೇಲೆ ಅಭ್ಯಾಸದಂತೆ ಏನಾದರೂ ಬೇಡಿಕೊಳ್ಳಬೇಕು ಅನ್ನಿಸಿತು. ಏನು ಬೇಡಲಿ, ಯಾರನ್ನು ಬೇಡಲಿ ಅಂತ ಹೊಳೆಯಲೇ ಇಲ್ಲ. ಹಿಂದಿದ್ದವರು ಕಾಯುತ್ತಿದ್ದರು. ಹೊರಗೆ ಬಂದೆ.

ಪ್ರದಕ್ಷಿಣೆ ಮಾತ್ರ ನಮ್ಮದೇ, ಬಲಕ್ಕೆ. ಜನರ ಜೊತೆ ನಾನೂ ಹರಿದೆ. ಶ್ರೀಲಂಕಾದ ಭಕ್ತರು ಅಡಿಯಿಂದ ಮುಡಿಯವರೆಗೆ ಬಿಳಿ ಉಟ್ಟಿದ್ದರು, ಥಾಯ್ ಭಿಕ್ಷುಗಳದು ಕಾವಿ, ಟಿಬೆಟಿನವರದು ಕಡುಕೆಂಪು. 'ಬುದ್ಧಂ ಶರಣಂ ಗಚ್ಛಾಮಿ' ಒಂದೊಂದು ಗುಂಪಿನ ಬಾಯಲ್ಲಿ ಒಂದೊಂದು ಧಾಟಿ. ಒಂದು ಕಡೆ ಕೂತು ಕಾಲು ಚಾಚಿದೆ. ಪಕ್ಕದಲ್ಲಿದ್ದ ಶ್ರೀಲಂಕಾದ ಅಜ್ಜಿಯೊಬ್ಬರು ನನ್ನ ತೋಳು ತಟ್ಟಿ, ತಮ್ಮ ಪಾದ ತೋರಿಸಿ, ಆಮೇಲೆ ದೇವಾಲಯದ ಕಡೆ ತೋರಿಸಿ, ಬೇಡ ಅನ್ನುವ ಹಾಗೆ ತಲೆಯಾಡಿಸಿದರು. ಮಡಚಿಕೊಂಡೆ. ಅವರ ಮುಖದಲ್ಲಿ ಗದರಿಕೆ ಇರಲಿಲ್ಲ, ಮೊಮ್ಮಗನ ಅಂಗಿ ಗುಂಡಿ ಹಾಕಿದಷ್ಟು ಸಹಜವಾಗಿತ್ತು.

ಅಲ್ಲಿಂದ ಸ್ವಲ್ಪ ದೂರದಲ್ಲಿ ಟಿಬೆಟಿನ ಭಿಕ್ಷುಣಿಯೊಬ್ಬರು ಹಲಗೆಯ ಮೇಲೆ ಸಾಷ್ಟಾಂಗ ಹಾಕುತ್ತಿದ್ದರು. ಅವರಲ್ಲಿ ಒಂದು ಲಕ್ಷ ನಮಸ್ಕಾರ ಪೂರೈಸುವ ಸಾಧನೆ ಇದೆ. ಅಂಗೈಗೆ ಬಟ್ಟೆಯ ಮೆತ್ತೆ ಹಾಕಿಕೊಂಡು ಹಲಗೆಯ ಮೇಲೆ ಜಾರಿಸುತ್ತಾ ಉದ್ದಕ್ಕೆ ಮಲಗುವುದು, ಏಳುವುದು, ಮತ್ತೆ ಜಾರುವುದು. ಅವರು ನೀರು ಕುಡಿಯಲು ನಿಂತಾಗ ಹಲಗೆ ನೋಡಿದೆ. ಬೇರೆ ಕಡೆಯೆಲ್ಲ ಮಂಕಾಗಿದ್ದ ಮರದಲ್ಲಿ ಎರಡು ಕೈ ಜಾರುವ ಜಾಗ ಮಾತ್ರ ಸವೆದು ಹೊಳೆಯುತ್ತಿತ್ತು, ಎರಡು ಹಾದಿಗಳ ಹಾಗೆ. ಹಣೆ ತಾಗುವಲ್ಲಿ ಅಂಗೈಯಗಲದ ಒಂದು ಕಲೆ. ಅವರು ನನ್ನನ್ನು ನೋಡಿ ನಕ್ಕು, ಮೆತ್ತೆ ಸರಿಮಾಡಿಕೊಂಡು ಮತ್ತೆ ಮಲಗಿದರು.

ಬೋಧಿವೃಕ್ಷ ಇರುವುದು ದೇವಾಲಯದ ಬೆನ್ನಿಗೆ, ಪಶ್ಚಿಮದಲ್ಲಿ. ಅದರ ಬುಡದಲ್ಲಿ ಅಶೋಕನ ಕಾಲದ ವಜ್ರಾಸನ, ಬುದ್ಧ ಕೂತ ಜಾಗವನ್ನು ಗುರುತಿಸುವ ಕಲ್ಲಿನ ಪೀಠ. ನಾನು ಎರಡೂವರೆ ಸಾವಿರ ವರ್ಷದ ಮರ ನೋಡುತ್ತೇನೆ ಅಂದುಕೊಂಡು ಹೋಗಿದ್ದೆ, ಅದು ಹಾಗಲ್ಲ. ಹಳೆಯ ಮರ 1876ರಲ್ಲಿ ಉರುಳಿತು. ಈಗಿರುವುದು ದೇವಾಲಯದ ಜೀರ್ಣೋದ್ಧಾರದ ಕಾಲಕ್ಕೆ, 1881ರಲ್ಲಿ, ಬ್ರಿಟಿಷ್ ಪುರಾತತ್ವಜ್ಞ ಕನ್ನಿಂಗ್‌ಹ್ಯಾಮ್ ನೆಡಿಸಿದ ಸಸಿ. ಕೊಂಬೆಗಳಿಗೆ ಕಬ್ಬಿಣದ ಊರುಗೋಲು ಕೊಟ್ಟಿದ್ದಾರೆ. ಅಶೋಕನ ಮಗಳು ಸಂಘಮಿತ್ರೆ ಇದರ ಪೂರ್ವಜನ ಕೊಂಬೆಯೊಂದನ್ನು ಶ್ರೀಲಂಕಾಕ್ಕೆ ಒಯ್ದಳೆಂದು ಅಲ್ಲಿನ ಪುರಾಣ ಹೇಳುತ್ತದೆ. ಅನುರಾಧಪುರದಲ್ಲಿ ಆ ಮರ ಇಂದಿಗೂ ಇದೆ. ಕಾಲು ಮಡಚಲು ಹೇಳಿದ ಅಜ್ಜಿ ತವರಿಗೆ ಬಂದವರ ಹಾಗೆ ಅಷ್ಟು ನಿರಾಳವಾಗಿ ಯಾಕೆ ಕೂತಿದ್ದರು ಅಂತ ಆಗ ಗೊತ್ತಾಯಿತು.

ಈಗ ವಿಷಯಕ್ಕೆ ಬರುತ್ತೇನೆ.

ಜ್ಞಾನೋದಯದ ಮೇಲೆ ಬುದ್ಧ ಅಲ್ಲಿಯೇ ಏಳು ವಾರ ಇದ್ದನಂತೆ. ಒಂದೊಂದು ವಾರಕ್ಕೆ ಆವರಣದಲ್ಲಿ ಒಂದೊಂದು ಜಾಗ ಗುರುತಿಸಿದ್ದಾರೆ. ಮೂರನೇ ವಾರ ಅತ್ತಿಂದಿತ್ತ ನಡೆದ ದಾರಿಗೆ ಕಲ್ಲಿನ ಕಮಲಗಳ ಸಾಲಿದೆ. ಎರಡನೇ ವಾರದ್ದು ಅನಿಮೇಷ ಲೋಚನ, ಸ್ವಲ್ಪ ಎತ್ತರದಲ್ಲಿರುವ ಒಂದು ಚೈತ್ಯ. ಹೆಸರು ಓದಿದ ಕೂಡಲೇ ಅಲ್ಲಮನ ಗುರು ಅನಿಮಿಷಯ್ಯ ನೆನಪಾದ. ಬುದ್ಧ ಅಲ್ಲಿ ನಿಂತು ಇಡೀ ಒಂದು ವಾರ ರೆಪ್ಪೆ ಮಿಟುಕಿಸದೆ ಆ ಮರವನ್ನೇ ನೋಡಿದನಂತೆ. ನೆರಳು ಕೊಟ್ಟ ಮರದ ಋಣಕ್ಕೆ.

ಜ್ಞಾನ ಸಿಕ್ಕವನು ಎದ್ದು ಊರಿಗೆ ಹೋಗಿ ಸಾರಬಹುದಿತ್ತು. ಮೊದಲು ಮರ ನೋಡಿದ. ಇದು ನನ್ನೊಳಗೆ ಸಿಕ್ಕಿಹಾಕಿಕೊಂಡಿತು ಕಣೋ. ನಾನೂ ಅಲ್ಲಿ ನಿಂತು ನೋಡಿದೆ. ಎರಡು ನಿಮಿಷ ಆಗಿರಬಹುದು, ಕೈ ತಾನಾಗಿ ಜೇಬಿಗೆ ಹೋಯಿತು. ಟೋಕನ್ ತಗುಲಿತು. ಆಗ ನೆನಪಾದದ್ದು ನೀನು.

ದೀಪಾವಳಿಗೆ ಮುಂಚೆ ನಿಮ್ಮ ಮನೆ ಜಗಲಿಯ ಮೇಲೆ ಕೂತಿದ್ದೆವಲ್ಲ. ನೀನು ಅಣ್ಣನ ವಿಷಯ ತೆಗೆದೆ. ನಾನು ಹೂಂಗುಟ್ಟುತ್ತಾ ಫೋನಿನ ಮೇಲೆ ಬೆರಳಾಡಿಸುತ್ತಿದ್ದೆ. ನೀನು ನಡುವೆ ನಿಲ್ಲಿಸಿದೆ. ಸ್ವಲ್ಪ ಹೊತ್ತು ಬಿಟ್ಟು, 'ಬಿಡು, ಇನ್ನೊಮ್ಮೆ ಹೇಳ್ತೀನಿ' ಅಂದೆ. ನಾನು ಗಮನಿಸಲಿಲ್ಲ ಅಂತ ನೀನು ಅಂದುಕೊಂಡಿರುತ್ತೀಯ. ಇಲ್ಲ. ನೀನು ನಿಲ್ಲಿಸಿದ್ದು ನನಗೆ ಗೊತ್ತಾಯಿತು. ನಿನ್ನ ದನಿ ಒಡೆದದ್ದೂ ಕೇಳಿಸಿತು. ಗೊತ್ತಾಗಿಯೂ ತಲೆ ಎತ್ತಲಿಲ್ಲ. ಎತ್ತಿದ್ದರೆ ನಿನ್ನ ಮುಖ ನೋಡಬೇಕಾಗುತ್ತಿತ್ತು, ನೋಡಿದ್ದರೆ ಉಳಿದದ್ದನ್ನೂ ಕೇಳಬೇಕಾಗುತ್ತಿತ್ತು. ನನಗೆ ಹೆದರಿಕೆಯಾಯಿತು. ಫೋನಿನಲ್ಲಿ ಆಗ ಏನೂ ಇರಲಿಲ್ಲ. ನೋಡಿದ್ದನ್ನೇ ಮತ್ತೆ ಮೇಲೆ ಕೆಳಗೆ ಸರಿಸುತ್ತಿದ್ದೆ.

ನನ್ನ ಕಷ್ಟದ ದಿನಗಳಲ್ಲಿ ನೀನು ರಾತ್ರಿ ಎರಡು ಗಂಟೆಯವರೆಗೆ ಎದುರಿಗೆ ಕೂತು ಕೇಳಿದವನು. ನೆರಳು ಕೊಟ್ಟವನು. ಆ ಋಣಕ್ಕೆ ನಾನು ಹತ್ತು ನಿಮಿಷ ಕಣ್ಣೆತ್ತಿ ನೋಡಲಿಲ್ಲ.

ಇಷ್ಟೆಲ್ಲ ಬರೆಯಬೇಕೆಂದು ಕೂತಿರಲಿಲ್ಲ. ದೇವಾಲಯದ ವಿಷಯ ನಾಲ್ಕು ಸಾಲು ಬರೆದು, ಎಲ್ಲರೂ ಓದಲಿ ಅಂತ ಹಾಕೋಣ ಅಂದುಕೊಂಡಿದ್ದೆ. ಅಳಿಸಬೇಕೆನಿಸಿತು. ಅಳಿಸಿದರೆ ಮತ್ತೆ ತಲೆ ತಗ್ಗಿಸಿದ ಹಾಗೆಯೇ, ಅದಕ್ಕೇ ಬಿಟ್ಟಿದ್ದೇನೆ. ನಿಮ್ಮ ಮನೆಯ ವಿಷಯ ಇದಕ್ಕಿಂತ ಒಂದಕ್ಷರ ಹೆಚ್ಚು ಇಲ್ಲಿ ಬರುವುದಿಲ್ಲ.

ಸಾಕು, ಎಲೆಯ ಕಥೆ ಕೇಳು. ಬೋಧಿವೃಕ್ಷದ ಎಲೆ ಕೀಳುವಂತಿಲ್ಲ, ತಾನಾಗಿ ಉದುರಿದ್ದನ್ನು ಆಯ್ದುಕೊಳ್ಳಬಹುದು. ಹಾಗಾಗಿ ಮರದ ಸುತ್ತ ಕಣ್ಣುಮುಚ್ಚಿ ಕೂತವರೆಲ್ಲ ಒಂದು ಕಿವಿ ಮೇಲಕ್ಕೆ ಇಟ್ಟುಕೊಂಡೇ ಕೂತಿರುತ್ತಾರೆ. ಒಂದು ಎಲೆ ತೇಲುತ್ತಾ ಬಂತು ನೋಡು, ಧ್ಯಾನದಲ್ಲಿದ್ದ ನಾಲ್ವರು ಒಟ್ಟಿಗೆ ಎದ್ದರು! ಗಾಳಿ ಅವರೆಲ್ಲರನ್ನೂ ತಪ್ಪಿಸಿ ಅದನ್ನು ಒಂದು ಪುಟ್ಟ ಹುಡುಗಿಯ ಮಡಿಲಿಗೆ ಹಾಕಿತು. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಅಲ್ಲೇ ನಿಂತಿದ್ದ ನನ್ನ ಕೈಗೆ ಕೊಟ್ಟು ಓಡಿಹೋದಳು. ತುದಿಯ ಬಾಲ ಮುರಿದಿಲ್ಲ. ನರಗಳನ್ನು ಎಣಿಸಬಹುದು, ಅಷ್ಟು ಸ್ಪಷ್ಟವಾಗಿವೆ. ಪುಸ್ತಕದ ನಡುವೆ ಇಟ್ಟು ತಂದಿದ್ದೇನೆ, ಅದು ನಿನಗೆ.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಫೋನನ್ನು ಬಾಗಿಲಲ್ಲೇ ಅಮ್ಮನ ಕೈಗೆ ಕೊಟ್ಟು ಜಗಲಿಗೆ ಬರುತ್ತೇನೆ. ಟೋಕನ್ ಕೊಡುವುದು ಬಿಡುವುದು ಅವರಿಗೆ ಸೇರಿದ್ದು. ಅಣ್ಣನ ವಿಷಯ ಅವತ್ತು ಎಲ್ಲಿ ನಿಲ್ಲಿಸಿದ್ದೆಯೋ ಅಲ್ಲಿಂದ ಹೇಳು. ಹೇಳಲು ಮನಸ್ಸಿಲ್ಲದಿದ್ದರೆ ಸುಮ್ಮನೆ ಕೂರೋಣ.

ಕಂಬಳಿ ಅಲ್ಲೇ ಬಿಟ್ಟು ಬಂದೆ. ಬೈಯಬೇಡ.

ಇಂತಿ,
ನಿನ್ನವ